ಬಸ್ತ್ಯಾಂವ ಕೂಗು ಕೊಟ್ಟ ವಾರ

ಬಹಳ ಹಿಂದೆ, ಅಂದರೆ ನಮ್ಮಜ್ಜನ ಬಾಯಲ್ಲಿ ಇನ್ನೂ ಹಲ್ಲಿದ್ದ ಕಾಲದಲ್ಲಿ, ಕಾಳಿ ಹೊಳೆಯ ದಂಡೆಗೆ ಗುಂಡೊಳ್ಳಿ ಅಂತ ಒಂದೂರಿತ್ತು. ಊರು ಅಂದರೆ ಏನು? ಗುಡ್ಡದ ಮೇಲೆ ಒಂದರ ಕೆಳಗೊಂದು ಎರಡು ನಾಟಾ ಡಿಪೋ, ತಗ್ಗಿನಲ್ಲೊಂದು ಫುಟ್‌ಬಾಲ್ ಮೈದಾನ, ಡಿಪೋಕ್ಕೂ ಮೈದಾನಕ್ಕೂ ಮಧ್ಯೆ ಜಾರುವ ಇಳಿಜಾರು. ಕಾಡಿನಿಂದ ಕಡಿದು ತಂದ ಸಾಗವಾನಿ, ಮತ್ತಿ ದಿಮ್ಮಿಗಳಿಗೆ ಆ ಕಡೆ ನಾಟಾ ಅನ್ನುತ್ತಾರೆ. ವಾರವೆಲ್ಲ ನಾಟಾ ಎಳೆಯುವುದು, ಭಾನುವಾರ ಚೆಂಡು ಒದೆಯುವುದು. ಆ ಊರಿನವರಿಗೆ ಮೂರನೆಯ ಕೆಲಸ ಗೊತ್ತಿರಲಿಲ್ಲ ಅಂತಾರೆ. ಮಕ್ಕಳು ಹೇಗಾದವು ಅಂತ ನೀವು ಕೇಳಬೇಡಿ, ನಾನು ಹೇಳುವುದಿಲ್ಲ.

ಆ ಊರಲ್ಲಿ ಬಸ್ತ್ಯಾಂವ ಸಿದ್ದಿ ಅಂತ ಒಬ್ಬನಿದ್ದ. ಎಂದೋ ಒಂದು ಕಾಲಕ್ಕೆ ಆಫ್ರಿಕಾದಿಂದ ಹಡಗಿಗೆ ಹೇರಿ ತಂದಿದ್ದ ಜನರ ವಂಶ ಅವನದು. ತಂದವರ ಕೈ ತಪ್ಪಿಸಿಕೊಂಡು ಕಾಡು ಸೇರಿ, ನಮ್ಮ ಅನ್ನ ಉಂಡು, ನಮ್ಮ ಮಾತಾಡಿ, ನಮ್ಮವರೇ ಆಗಿಹೋದ ಜನ. ನಮ್ಮವರು ಅಂತ ಇವತ್ತು ನಾನು ಸಲೀಸಾಗಿ ಹೇಳಿಬಿಟ್ಟೆ. ಗುಂಡೊಳ್ಳಿ ಆ ಮಾತು ಹೇಳಲಿಕ್ಕೆ ಎಷ್ಟು ಒದ್ದಾಡಿತು ಅನ್ನುವುದೇ ಈ ಕತೆ.

ಬಸ್ತ್ಯಾಂವ ಕೆಳಗಿನ ಡಿಪೋದ ಟೀಮಿಗೆ ಆಡುತ್ತಿದ್ದ. ಅವನೊಮ್ಮೆ ಒದ್ದ ಚೆಂಡು ಹೊಳೆ ದಾಟಿ, ಆಚೆ ದಂಡೆಯ ಎಮ್ಮೆಯ ಬೆನ್ನಿಗೆ ಬಡಿದು, ತಿರುಗಿ ಬಂದು ಗೋಲಿಗೆ ಬಿತ್ತು ಅಂತಾರೆ. ಆ ಎಮ್ಮೆ ಅಂದಿನಿಂದ ದುಪ್ಪಟ್ಟು ಹಾಲು ಕೊಟ್ಟಿತು ಅಂತಲೂ ಅಂತಾರೆ. ಹಾಲಿನ ಮಾತು ನಾನು ಸೇರಿಸಿದ್ದು. ಎಮ್ಮೆಯ ಮಾತು ಖರೆ. ಉಣ್ಣಲಿಕ್ಕೆ ಕೂತಾಗಲೂ ಅವನ ಕಾಲಡಿ ಚೆಂಡು ಇರುತ್ತಿತ್ತು, ಅವನವ್ವ ಅಂಜೆಲಿನ್ ಅದನ್ನು ದಾಟಿಕೊಂಡೇ ಸಾರು ಬಡಿಸುತ್ತಿದ್ದಳು.

ಅವನಿಗೆ ಇನ್ನೊಂದು ಹೆಸರಿತ್ತು. ಎರಡೂ ಡಿಪೋಕ್ಕೆ ಅವನೇ ಕೂಗಿನವನು. ದೊಡ್ಡ ನಾಟಾ ಎಳೆಯುವಾಗ ಒಬ್ಬ ಮುಂದೆ ನಿಂತು ಪದ ಕಟ್ಟಿ ಕೂಗಬೇಕು, ಹಗ್ಗ ಹಿಡಿದವರೆಲ್ಲ ಒಂದೇ ಉಸಿರಿಗೆ "ಐಸಾ" ಅನ್ನಬೇಕು, ಆ ಒಂದು ಉಸಿರಿಗೆ ನಾಟಾ ಒಂದು ಮೊಳ ಸರಿಯಬೇಕು. ಬಸ್ತ್ಯಾಂವ ಕೂಗಿದರೆ ನಾಟಾ ತಾನಾಗಿ ಎದ್ದು ನಡೆಯುತ್ತಿತ್ತು, ಜನ ಹಗ್ಗ ಹಿಡಿಯುತ್ತಿದ್ದುದು ಬರೀ ಮರ್ಯಾದೆಗೆ ಅಂತಾರೆ.

ಡಿಪೋದಲ್ಲೊಂದು ಕಟ್ಟಳೆಯೂ ಇತ್ತು. ಕೂಗಿನವನು ಎದುರಿಗೆ ನಿಂತಿರುವಾಗ ಇನ್ನೊಬ್ಬ ಬಾಯಿ ತೆಗೆಯಬಾರದು. ಎರಡು ಕೂಗು ಬಿದ್ದರೆ ನಾಟಾ ಯಾರದಾದರೂ ಕಾಲು ತಿನ್ನುತ್ತದೆ. ಕೂಗು ಬೇರೆಯವನಿಗೆ ಹೋಗಬೇಕಾದರೆ ಕೂಗಿನವನೇ ಎಲೆ ಅಡಿಕೆ ಕೊಟ್ಟು, "ನನ್ನ ಕೂಗು ನಿನಗೆ" ಅನ್ನಬೇಕು. ಕೊಟ್ಟಿದ್ದನ್ನು ಬೇಡ ಅನ್ನುವ ಹಾಗಿಲ್ಲ. ತಿರುಗಿ ಕೊಡುವಾಗ ಎಲ್ಲರ ಮುಂದೆ, ನಾನು ಇಂಥ ಕೂಗು ಕೂಗಿದೆ, ನಾಟಾ ಹೀಗೆ ಹೀಗೆ ಮಾಡಿತು ಅಂತ ಒಪ್ಪಿಸಿ ಕೊಡಬೇಕು.

ಒಂದು ವರ್ಷ ಗೆದ್ದ ಟೀಮಿಗೆ ಕಪ್ಪು ಕೊಡುವ ಆಟ ಶುರುವಾಯಿತು. ಬಸ್ತ್ಯಾಂವನ ಕಾಲಿಗೆ ಚೆಂಡು ಬಂದ ಕೂಡಲೇ ಮೈದಾನದ ಪಡುವಣ ದಿಕ್ಕಿನ ನಾಟಾ ರಾಶಿಯ ಮೇಲೆ ಕೂತಿದ್ದ ಮೇಲಿನ ಡಿಪೋದ ಜನ ಕೋತಿಯ ಹಾಗೆ ಕೂಗಿದರು. "ಹೂ ಹೂ ಹೂ" ಅಂತ. ಬಾಳೆಹಣ್ಣಿನ ಸಿಪ್ಪೆ ಒಗೆದರು. "ಏ ಕರಿಯಾ, ಗಿಡಾ ಹತ್ತೋ!" ಅಂದರು. ಮುಂದಾಳು ಪರಸು. ಸೋಮವಾರದಿಂದ ಶನಿವಾರದವರೆಗೆ ಬಸ್ತ್ಯಾಂವನ ಕೂಗಿಗೆ ಹಗ್ಗ ಜಗ್ಗುವವನೇ, ಭಾನುವಾರ ಬಂದರೆ ರಾಶಿ ಹತ್ತಿ ಕೋತಿ ಆಗುತ್ತಿದ್ದ. ಕೆಳಗಿನ ಡಿಪೋದವರೇನು ಸಾಚಾ ಅಲ್ಲ. ಗೋಲು ಹೊಡೆದರೆ "ನಮ್ಮ ಬಸ್ತ್ಯಾಂವ" ಅನ್ನುತ್ತಿದ್ದರು, ತಪ್ಪಿದರೆ "ಕಾಡಿನವ" ಅನ್ನುತ್ತಿದ್ದರು.

ಕಪ್ಪಿನ ಕಮಿಟಿಯ ಅಧ್ಯಕ್ಷರು ವಿಠೋಬರಾಯರು. ಡಿಪೋದ ಗುತ್ತಿಗೆಯೂ ಅವರದೇ. ಅವರ ಕಿವಿ ಎಂಥದ್ದೆಂದರೆ ಕಾಡಿನ ಒಳಗೆ ಯಾರಾದರೂ ಕಳ್ಳ ಕೊಡಲಿ ಮಸೆದರೆ ಇಲ್ಲಿ ಊಟದ ಎಲೆ ಬಿಟ್ಟು ಏಳುತ್ತಿದ್ದರಂತೆ. ಬಸ್ತ್ಯಾಂವ ಹೋಗಿ ದೂರು ಹೇಳಿದ. ರಾಯರು ಕಿವಿಗೆ ಕೈ ಹಚ್ಚಿ, ನನಗೇನೂ ಕೇಳಿಸಲಿಲ್ಲವಲ್ಲಪ್ಪ ಅಂದರು.

ಮುಂದಿನ ಆಟಕ್ಕೆ ಕೂಗು ಹೆಚ್ಚಾಯಿತು. ರಾಯರು ಯೋಚನೆ ಮಾಡಿ ಒಂದು ಬಟ್ಟೆ ಬರೆಸಿದರು: "ಆಟದಲ್ಲಿ ಎಲ್ಲರೂ ಅಣ್ಣತಮ್ಮಂದಿರು." ಕಟ್ಟಲಿಕ್ಕೆ ಬಿದಿರು ಗಳ ಒಂದೇ ಇತ್ತು. ಇನ್ನೊಂದು ತುದಿಯನ್ನು ಪರಸುವೇ ಎತ್ತಿ ಹಿಡಿದು, ಅದರ ಹಿಂದೆ ಮುಖ ಮರೆಸಿಕೊಂಡು ಹೂ ಹೂ ಅಂದ.

ಅದರ ಮುಂದಿನ ಆಟಕ್ಕೆ ರಾಯರಿಗೆ ಸಿಟ್ಟು ಬಂತು. ಪಡುವಣ ರಾಶಿಯ ಮೇಲೆ ಯಾರೂ ಕೂರಕೂಡದು ಅಂತ ಹುಕುಂ ಮಾಡಿದರು. ಯಾರೂ ಕೂರಲಿಲ್ಲ. ಎಲ್ಲರೂ ಮೂಡಣ ರಾಶಿಗೆ ಹೋಗಿ ಕೂತರು. ಅಲ್ಲಿ ನೆರಳಿತ್ತು, ಗಾಳಿಯೂ ಚೆನ್ನಾಗಿತ್ತು, ಕೂಗು ಹೊಳೆಯಾಚೆಗೂ ಕೇಳಿಸಿತು. ರಾಯರೊಬ್ಬರಿಗೇ ಕೇಳಿಸಲಿಲ್ಲ.

ಸೆಮಿಫೈನಲ್ ದಿನ ಒಂದು ಸಿಪ್ಪೆ ಬಂದು ಬಸ್ತ್ಯಾಂವನ ಹೆಗಲ ಮೇಲೆ ಬಿತ್ತು. ಅವನು ಬಯ್ಯಲಿಲ್ಲ, ಹೊಡೆಯಲಿಲ್ಲ. ಚೆಂಡು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಮೈದಾನದ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ರೆಫರಿ ಏಳು ಅಂದ. ಏಳಲಿಲ್ಲ. ಟೀಮಿನವರು ಕಾಲು ಹಿಡಿದರು. ಏಳಲಿಲ್ಲ. ಕೂಗುವವರಿಗೆ ಗಂಟಲು ಒಣಗಿ ಅವರು ಚಹಾ ಕುಡಿಯಲಿಕ್ಕೆ ಇಳಿದ ಮೇಲೆ ಎದ್ದು, ಗೋಲು ಹೊಡೆದು, ಮನೆಗೆ ಹೋದ.

ಈಗ ರಾಯರ ಕಮಿಟಿ ಬಲು ಚುರುಕಾಗಿ ಕೂತಿತು. ಕೂಗಿದವರ ವಿಷಯ ಏಳಲೇ ಇಲ್ಲ. ಆಟ ನಿಲ್ಲಿಸಿದವನು ತಪ್ಪಿತಸ್ಥ ಅಂತ ತೀರ್ಮಾನವಾಯಿತು. ಫೈನಲ್ಲಿನ ದಿನ ಬಸ್ತ್ಯಾಂವ ಎಲ್ಲರೆದುರು ಜನರಿಗೆ ಕೈಮುಗಿದು ತಪ್ಪಾಯಿತು ಅನ್ನಬೇಕು, ಇಲ್ಲದಿದ್ದರೆ ಬದುಕಿರುವವರೆಗೆ ಆ ಮೈದಾನಕ್ಕೆ ಕಾಲಿಡಬಾರದು.

ಅಂಜೆಲಿನ್ ಆ ಸಂಜೆ ಮಗನ ಹತ್ತಿರ ಕೂತಳು. "ಒಂದ್ಸಲ ಮುಗದು ಬಿಡೋ ಮಗಾ. ಕೈಯೇನು ಸವೀತಾವ?"

"ಕೈ ಸವಿಯೂದಿಲ್ಲವಾ. ಆದ್ರ ನಾ ಮುಗದ್ನಿ ಅಂದ್ರ ಅವ್ರು ಕೂಗಿದ್ದು ನ್ಯಾಯ ಆಗಿಬಿಡ್ತದ."

"ಮತ್ತ ಚೆಂಡು ಬಿಟ್ಟು ಇರ್ತೀಯೇನು?"

ಬಸ್ತ್ಯಾಂವ ಕಾಲಡಿಯ ಚೆಂಡನ್ನು ಹಿಂದೆ ಮುಂದೆ ಉರುಳಿಸುತ್ತ ಕೂತಿದ್ದನಂತೆ. ಆಮೇಲೆ ಇದ್ದಕ್ಕಿದ್ದಂತೆ ಅವನಿಗೆ ನಗು ಬಂತು. ಯಾಕೆ ನಕ್ಕ ಅಂತ ಅವ್ವನಿಗೆ ತಿಳಿಯಲಿಲ್ಲ. ಮರುದಿನ ಊರಿಗೇ ತಿಳಿಯಿತು.

ಸೋಮವಾರ ಡಿಪೋಕ್ಕೆ ಒಂದು ಸಾಗವಾನಿ ನಾಟಾ ಬಂದಿತ್ತು. ಅಂಥದ್ದು ಹಿಂದೆ ಬಂದಿರಲಿಲ್ಲ. ಅದರ ಈ ಬದಿ ನಿಂತವನಿಗೆ ಆ ಬದಿ ನಿಂತವನು ಕಾಣುತ್ತಿರಲಿಲ್ಲ ಅಂತಾರೆ. ವಾರದ ಕೊನೆಗೆ ಅದನ್ನು ರೈಲಿಗೆ ಏರಿಸಬೇಕು, ವ್ಯಾಗನ್ನು ಬಂದು ನಿಂತಿದೆ. ಎಲ್ಲರೂ ಹಗ್ಗ ಹಿಡಿದರು, ಬಸ್ತ್ಯಾಂವನ ಬಾಯಿ ನೋಡಿದರು. ಅವನು ಸೊಂಟದಿಂದ ಎಲೆ ಅಡಿಕೆ ತೆಗೆದು, ನೆಟ್ಟಗೆ ಪರಸುವಿನ ಹತ್ತಿರ ಹೋದ.

"ಪರಸಣ್ಣ, ನನ್ನ ಕೂಗು ನಿನಗ."

ಪರಸು ಹೌಹಾರಿದ. "ಏ, ನನಗ್ಯಾಕೋ? ನನಗ ಪದಾ ಕಟ್ಟಾಕ ಬರೂದಿಲ್ಲ."

"ಪದಾ ಯಾಕ ಬೇಕಣ್ಣ? ಐತ್ವಾರಕ್ಕೊಮ್ಮೆ ಕೂಗ್ತೀಯಲ್ಲ, ಅದನ್ನ ಕೂಗು. ಹೊಳಿ ಆಚೆಕಡೀಕೂ ಕೇಳಸ್ತದ. ಇಷ್ಟು ಚಲೋ ದನಿ ಇಟಗೊಂಡು ಹಗ್ಗದ ಹಿಂದ ಸುಮ್ಮ ನಿಂದ್ರಬಾರದು."

ಕಟ್ಟಳೆ ಕಟ್ಟಳೆಯೇ. ಎಲೆ ಇಸಿದುಕೊಳ್ಳದೆ ಗತಿ ಇಲ್ಲ. ಬಸ್ತ್ಯಾಂವ ಹೋಗಿ ಹಗ್ಗದ ಕೊನೆಗೆ ನಿಂತ, ಎಲ್ಲರಂತೆ ಸೊಂಟ ಬಗ್ಗಿಸಿದ. ಪರಸು ಮೊದಲು ಏನೋ ಪದ ಕಟ್ಟಲು ನೋಡಿದ, ಎರಡು ಮಾತೂ ಕೂಡಿಬರಲಿಲ್ಲ. ಹಿಂದಿನಿಂದ ಯಾರೋ "ಐತ್ವಾರದ್ದು ಬರ್ಲಿ!" ಅಂದರು. ಹುಂಬ ಮನುಷ್ಯ. ಎದೆಯುಬ್ಬಿಸಿ ಹೂ ಹೂ ಅಂದೇಬಿಟ್ಟ.

ಒಬ್ಬ ಮೊದಲನೇ ಹೂಗೆ ಜಗ್ಗಿದ, ಒಬ್ಬ ಎರಡನೇ ಹೂಗೆ ಜಗ್ಗಿದ, ಒಬ್ಬ ಹಗ್ಗ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ನಾಟಾ ಅಲ್ಲಾಡಲಿಲ್ಲ. ಮಂಗಳವಾರವೂ ಅದೇ ಪಾಡು. ಹೊಳೆ ದಂಡೆಯ ಖರೇ ಮಂಗಗಳು ಬಂದು ಬೇಲಿಯ ಮೇಲೆ ಸಾಲಾಗಿ ಕೂತು, ಇವರಿಗೆ ಏನಾಗಿದೆ ಅಂತ ನೋಡಿದವಂತೆ. ಅದರಲ್ಲೊಂದು ಮುದಿ ಮಂಗ ತಲೆ ಅಲ್ಲಾಡಿಸಿತು ಅಂತಾರೆ. ನಾನು ಅಲ್ಲಿರಲಿಲ್ಲ, ಆದರೂ ಅದರ ಮುಖ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ವಿಠೋಬರಾಯರು ಓಡಿಬಂದರು. ಗದರಿದರು, ಬೇಡಿದರು. ಬಸ್ತ್ಯಾಂವ ಹಗ್ಗ ಬಿಡದೆ, "ನಾ ಜಗ್ಗಾಕ ಹತ್ತೇನ್ರಿ ಸಾವ್ಕಾರ್ರ. ಕೂಗು ಅಣ್ಣನ ಹಂತೇಕ ಐತಿ" ಅಂದ. ವ್ಯಾಗನ್ನು ಕಾದು ಕಾದು ಖಾಲಿಯೇ ಹೋಯಿತು. ಮುಂದಿನ ವ್ಯಾಗನ್ನಿಗಾದರೂ ಆಗಲಿ ಅಂತ ಶನಿವಾರ ಸಂಜೆ ರಾಯರು ತಾವೇ ಪಕ್ಕಕ್ಕೆ ನಿಂತು, ಜೋರಾಗಿ ಕೂಗೋ ಅಂತ ಪರಸುವನ್ನು ಹುರಿದುಂಬಿಸಿದರು. ಪರಸು ಪ್ರಾಣ ಹೋಗುವ ಹಾಗೆ ಕೂಗಿದ. ಅರ್ಧ ಜನ ಎಡಕ್ಕೆ ಜಗ್ಗಿದರು, ಅರ್ಧ ಜನ ಬಲಕ್ಕೆ ಜಗ್ಗಿದರು. ನಾಟಾಕ್ಕೆ ಬೇಸರ ಬಂದಿರಬೇಕು. ಮಗ್ಗುಲಾಗಿ ಉರುಳಿ, ಇಳಿಜಾರಿಗೆ ಬಿದ್ದು, ಗುಡುಗುಡು ಅಂತ ಇಳಿದು, ಮೈದಾನದ ನಟ್ಟನಡುವೆ, ಬಸ್ತ್ಯಾಂವ ಕೂತಿದ್ದ ಜಾಗದಲ್ಲೇ, ಮಲಗಿಕೊಂಡಿತು.

ಭಾನುವಾರ ಸುತ್ತಲಿನ ಹಳ್ಳಿಯವರೆಲ್ಲ ಫೈನಲ್ಲು ನೋಡಲು ಬಂದರು. ಮೈದಾನದ ನಡುವೆ ನಾಟಾ. ಅದರ ಈಚೆ ಒಂದು ಟೀಮು, ಆಚೆ ಒಂದು ಟೀಮು. ರಾಯರು ಬಿಳಿ ಧೋತರ ಉಟ್ಟು, ಕೈಮುಗಿಸಿಕೊಳ್ಳಲಿಕ್ಕೆ ಅಂತ ಬಂದವರು, ತಾವೇ ಕೈ ಹೊಸಕುತ್ತ ನಿಂತರು.

"ಕೂಗಪಾ ಬಸ್ತ್ಯಾಂವ. ಮಂದಿ ನೋಡಾಕ ಹತ್ಯಾರ."

"ಕೂಗು ನನ್ನ ಹಂತೇಕ ಇಲ್ಲಲ್ರೀ."

ಎಲ್ಲರೂ ಪರಸುವಿನ ಕಡೆ ತಿರುಗಿದರು. ಅವನು ಬಾಡಿದ ಎಲೆ ಹಿಡಿದು ಮುಂದೆ ಬಂದ. ವಾರವೆಲ್ಲ ಕೂಗಿ ದನಿ ಬಿದ್ದುಹೋಗಿತ್ತು. ಕಟ್ಟಳೆಯಂತೆ ಒಪ್ಪಿಸಬೇಕಲ್ಲ, ನೆಲ ನೋಡುತ್ತ ಏನೋ ಗೊಣಗಿದ.

"ಕೇಳಸವಲ್ದು!" ಅಂತ ನಾಟಾ ರಾಶಿಯ ಮೇಲಿಂದ ಕೂಗಿದರು. ಕೂಗಿದವರು ಅವನ ಕಡೆಯವರೇ.

ಪರಸು ತಲೆ ಎತ್ತಿದ. "ನಾ ಕೋತಿ ಕೂಗು ಕೂಗಿದ್ನಿ. ಒಂದು ವಾರ ಕೂಗಿದ್ನಿ. ಅದಕ್ಕ ಮೊದ್ಲ ಈ ಮನಶ್ಯಾಗೂ ಕೂಗಿದ್ನಿ. ನಾಟಾ ಕದಲಲಿಲ್ಲ. ಇಂವನೂ ಕದಲಲಿಲ್ಲ. ಇವನ ಕೂಗು ಇವಗ."

ಬಸ್ತ್ಯಾಂವ ಎಲೆಗೆ ಕೈ ಚಾಚಲಿಲ್ಲ. ರಾಯರ ಕಡೆ ತಿರುಗಿ ಕೇಳಿದ: "ಸಾವ್ಕಾರ್ರ, ಅಣ್ಣ ಅಂದದ್ದು ನಿಮಗ ಕೇಳಿಸ್ತೇನ್ರಿ?"

ರಾಯರ ಕೈ ಅಭ್ಯಾಸಬಲದಿಂದ ಕಿವಿಯ ಕಡೆ ಹೊರಟಿತು, ಅರ್ಧಕ್ಕೇ ನಿಂತಿತು.

"ಕೇಳಿಸ್ತಪಾ."

"ಇವತ್ತಷ್ಟ ಏನ್ರಿ?"

ರಾಯರು ಕಿವಿಗೆ ಹೊರಟಿದ್ದ ಕೈಯನ್ನು ಕೆಳಗಿಳಿಸಿದರು. ಕೊನೆಗೆ ಅಂದರು, "ಇಲ್ಲ. ಮೊದಲನೇ ಆಟದಾಗೂ ಕೇಳಿಸಿತ್ತು."

ಆಗ ಬಸ್ತ್ಯಾಂವ ಎಲೆ ಇಸಿದುಕೊಂಡ. ಇನ್ನು ಮುಂದೆ ಇಂಥ ಕೂಗು ಬಿದ್ದರೆ ಆಟ ನಿಲ್ಲಬೇಕು, ಹೊರಗೆ ಹೋಗಬೇಕಾದವನು ಕೂಗಿದವನೇ ಹೊರತು ಕೂಗಿಸಿಕೊಂಡವನಲ್ಲ ಅಂತ ರಾಯರು ಅಲ್ಲೇ ನಿಂತು ಊರಿಗೆ ಮಾತು ಕೊಟ್ಟರು. ಕೈಮುಗಿಯುವ ಮಾತು ಯಾರೂ ಎತ್ತಲಿಲ್ಲ. ಎರಡೂ ಡಿಪೋದವರು, ಎರಡೂ ಟೀಮಿನವರು, ಬಂದ ಹಳ್ಳಿಗರು, ಧೋತರ ಎತ್ತಿ ಕಟ್ಟಿದ ರಾಯರು, ಎಲ್ಲರ ಮುಂದೆ ಪರಸು, ಹೀಗೆ ಹಗ್ಗ ಹಿಡಿದರು. ಬಸ್ತ್ಯಾಂವ ನಾಟಾದ ಮೇಲೆ ಹತ್ತಿ ನಿಂತು ಕೂಗಿದ:

"ಸಾವ್ಕಾರ್ರ ಹೊಟ್ಟಿ—" "ಐಸಾ!"
"ನಾಟಾಕ್ಕಿಂತ ಗಟ್ಟಿ—" "ಐಸಾ!"
"ಕಿವಿ ಬಂತು ಮರಳಿ—" "ಐಸಾ!"
"ಜಗ್ಗಲಿ ಗುಂಡೊಳ್ಳಿ—" "ಐಸಾ!"

ನಾಟಾ ಜಾರಿತು. ಅವನನ್ನು ಹೊತ್ತುಕೊಂಡೇ ಜಾರಿತು. ಮೆರವಣಿಗೆಯ ಹಾಗೆ ಮೈದಾನದ ಅಂಚಿಗೆ ಹೋಗಿ ನಿಂತಿತು. ಅಂಜೆಲಿನ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳಿದ ಸಿದ್ದಿ ಹೆಂಗಸರ ಕೈ ಹಿಡಿದು ಅಲ್ಲೇ ಕುಣಿದಳು.

ಆಮೇಲೆ ಆಟ. ಆಟದ ನಡುವೆ ಮೂಡಣ ರಾಶಿಯ ಮೂಲೆಯಿಂದ ಯಾವನೋ ಹಳೇ ಚಟಕ್ಕೆ "ಹೂ" ಅಂದ. ಎರಡನೇ "ಹೂ" ಬರುವುದರೊಳಗೆ ಇಡೀ ಮೈದಾನ "ಐಸಾ!" ಅಂದಿತು. ರೆಫರಿ ಸೀಟಿಗೆ ಕೈ ಹಾಕುವ ಮೊದಲೇ ಕೂಗಿದವನ ಮಗ್ಗುಲಲ್ಲಿ ಕೂತವರು ಅವನನ್ನು ಎತ್ತಿ ಬೇಲಿಯಾಚೆ ಇಳಿಸಿ ಬಂದರು. ಇಳಿಸಿದವನು ಪರಸು ಅಂತಾರೆ. ಬಸ್ತ್ಯಾಂವ ಎಷ್ಟು ಗೋಲು ಹೊಡೆದ ಅನ್ನುವುದರಲ್ಲಿ ಮಾತ್ರ ಊರಿಗೆ ಒಮ್ಮತವಿಲ್ಲ. ಕೆಲವರು ಎರಡು ಅಂತಾರೆ, ಕೆಲವರು ಐದು ಅಂತಾರೆ. ನನ್ನ ಲೆಕ್ಕ ಕೇಳಿದರೆ ನೀವು ಎದ್ದು ಹೋಗುತ್ತೀರಿ. ಗೆದ್ದದ್ದು ಖರೆ, ಕಪ್ಪು ಅಂಜೆಲಿನ್ನಳ ಒಲೆಯ ಮೇಲಿನ ಗೂಡಿಗೆ ಹೋದದ್ದು ಖರೆ, ಅದರಲ್ಲಿ ಅವಳು ಉಪ್ಪು ಹಾಕಿಟ್ಟದ್ದೂ ಖರೆ.

ಬಸ್ತ್ಯಾಂವ ಹೋಗಿ ಎಷ್ಟೋ ಮಳೆಗಾಲ ಕಳೆದವು. ಡಿಪೋ ಮುಚ್ಚಿತು. ನಾಟಾ ಮಾತ್ರ ಮೈದಾನದ ಅಂಚಿನಲ್ಲಿದೆ, ಯಾರೂ ಮಾರಿಲ್ಲ. ಈಗಲೂ ಗುಂಡೊಳ್ಳಿಯಲ್ಲಿ ಯಾವನಾದರೂ ಆಟಗಾರನ ಬಣ್ಣ ಎತ್ತಿ, ಕುಲ ಎತ್ತಿ ಕೂಗಿದರೆ ಎರಡೂ ಟೀಮಿನವರು ಇದ್ದಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಕೂಗಿಸಿಕೊಂಡವನು ಹೋಗಿ ಕೂಗಿದವನ ಕೈಗೆ ಎಲೆ ಅಡಿಕೆ ಕೊಡುತ್ತಾನೆ. ಕೂಗಿದವನು ಕೆಳಗಿಳಿದು, ತಾನು ಕೂಗಿದ ಕೂಗನ್ನೇ ಕೂಗುತ್ತ, ಒಬ್ಬನೇ ಆ ನಾಟಾ ಎಳೆಯಬೇಕು. ಅದು ಕದಲುವವರೆಗೆ, ಇಲ್ಲ ಅವನು ತಪ್ಪು ಒಪ್ಪಿಸಿ ಎಲೆ ತಿರುಗಿ ಕೊಟ್ಟು ಬೇಲಿ ದಾಟುವವರೆಗೆ ಆಟ ಇಲ್ಲ.

ಹಿಂದೊಮ್ಮೆ ಪಟ್ಟಣದಿಂದ ಬಂದ ದೊಡ್ಡ ಮನೆತನದ ಹುಡುಗನೊಬ್ಬ ಹಾಗೆ ಕೂಗಿ, ಹಗ್ಗ ಹಿಡಿದು, ನಾಚಿಕೆಗೆ ಬಾಯಿ ಬಿಡಲಾರದೆ ನಿಂತನಂತೆ. ಯಾರೂ ಬಯ್ಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಮುಂದೆ ಕೂತಿದ್ದ ಒಬ್ಬ ಸಿದ್ದಿ ಮುದುಕಿ ಬುತ್ತಿಯ ಗಂಟು ಬಿಚ್ಚಿ, ಪಕ್ಕದವರಿಗೆಲ್ಲ ರೊಟ್ಟಿ ಹಂಚಿ, ಅವನಿಗೆ ಹೇಳಿದಳಂತೆ: "ಅವಸರ ಇಲ್ಲ ತಮ್ಮಾ, ಸಾವಕಾಶ ಕೂಗು. ನಾವೆಲ್ಲಾ ಊಟಾ ಕಟಗೊಂಡ ಬಂದೇವಿ."