ತುಂಬಿದ ಲೋಟದ ಸರ್ವೆ

ಪುರಸಭೆ ಅಧ್ಯಕ್ಷ ರುದ್ರಮುನಿಯಪ್ಪನವರು ಗುಮಾಸ್ತನ ಮೇಜು ಗುದ್ದಿದರು. "ಊರಲ್ಲೆಲ್ಲ ಕೆಟ್ಟಿರೋದು ನಮ್ಮನೆ ರಸ್ತೆ. ರಿಪೇರಿ ಸರ್ವೆಯಲ್ಲಿ ಅದೇ ಮೊದಲು ಬರಬೇಕು!"

ಆ ರಸ್ತೆಯೋ ಕನ್ನಡಿಯಂತಿತ್ತು. ಗುಮಾಸ್ತ ಇಲ್ಲ ಎನ್ನಲಿಲ್ಲ. "ತಾವೇ ಅಳೆದುಬಿಡಿ ಸಾರ್" ಎಂದು ಅವರನ್ನು ಜೀಪಿನಲ್ಲಿ ಕೂರಿಸಿ, ಅಂಚಿನವರೆಗೂ ತುಂಬಿದ ಆರಿದ ಕಾಫಿ ಲೋಟ ಕೈಗಿತ್ತ. "ಚೆಲ್ಲಿದಷ್ಟೂ ರಸ್ತೆ ಕೆಟ್ಟಿದೆ ಅಂತ ಲೆಕ್ಕ."

ಅಧ್ಯಕ್ಷರ ರಸ್ತೆಯಲ್ಲಿ ಒಂದು ತೊಟ್ಟೂ ಚೆಲ್ಲಲಿಲ್ಲ. ಆಮೇಲೆ ಜೀಪು, ದಿನಾ ಜನ ಬಿದ್ದೇಳುವ ಸಂತೆ ಬೀದಿಗೆ ಹೊರಳಿತು. ಮೊದಲ ಗುಂಡಿಗೇ ಅರ್ಧ ಕಾಫಿ ಜುಬ್ಬಕ್ಕೆ, ಎರಡನೆಯದಕ್ಕೆ ಉಳಿದದ್ದು ಬಿಳಿ ಪಂಚೆಗೆ.

"ಅಯ್ಯೋ, ಮೊದಲು ಈ ರಸ್ತೆ ಮಾಡಿಸ್ರೀ!"

"ಸರ್ವೆ ಪಂಚೆ ಮೇಲೆ ಮೂಡಿದೆ ಸಾರ್. ಕಾಗದದ ಮೇಲೆ ತಮ್ಮ ಸಹಿ ಒಂದು ಬಾಕಿ" ಎಂದು ಗುಮಾಸ್ತ ಪೆನ್ನು ಚಾಚಿದ.

ಅಧ್ಯಕ್ಷರು ಪಂಚೆ ನೋಡಿಕೊಂಡು ನಕ್ಕೇಬಿಟ್ಟರು. "ಜೀಪು ನಿಲ್ಲಿಸಯ್ಯ. ಈ ರಸ್ತೆಯಲ್ಲಿ ಸಹಿ ಹಾಕೋಕೂ ಆಗಲ್ಲ!"