ಕೆಂಡ ಕೇಳಲು ಹೋದ ಹುಡುಗಿ

ಮಠದಲ್ಲಿ ಓದುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನನ್ನ ತಂಗಿ ಕಾಲೇಜು ಸೇರಲು ಪಟ್ಟಣಕ್ಕೆ ಹೋಗುತ್ತಿದ್ದಾಳೆ. ಅವಳಿಗೊಂದು ಕೋಣೆ ನೋಡು ಎಂದು ಅವ್ವ ಹೇಳಿಕಳಿಸಿದ್ದಾಳೆ. ಒಳ್ಳೆಯ ಬಡಾವಣೆಯ ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ. ಎಟುಕುವ ಓಣಿಗಳಲ್ಲಿ ಅವಳನ್ನು ಒಬ್ಬಳೇ ಬಿಡಲು ಧೈರ್ಯವಿಲ್ಲ. ಭಯವಿಲ್ಲದ ಜಾಗವನ್ನು ಗುರುತಿಸುವುದು ಹೇಗೆ?"

"ಮೊದಲು ಕೂತುಕೋ. ಕೋಣೆ ಹುಡುಕುವವರ ಕಾಲಿಗೆ ಬಿಡುವೇ ಇರುವುದಿಲ್ಲ, ಪಾಪ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಕುರಿಗಾಹಿ ಇದ್ದ. ಇಂದು ಒಂದು ಹೊಲದಲ್ಲಿ ಅವನ ಬೀಡು, ನಾಳೆ ಇನ್ನೊಂದರಲ್ಲಿ. ಅವನಿಗೆ ಒಬ್ಬಳೇ ಮಗಳು, ಮಾಳವ್ವ. ತಾಯಿಯಿಲ್ಲದ ಹುಡುಗಿ. ಅಜ್ಜಿಯ ಮನೆಯಲ್ಲಿದ್ದು ಶಾಲೆ ಓದಿದಳು, ರಜೆಯಲ್ಲಿ ಅಪ್ಪನ ಜೊತೆ ಕುರಿ ಕಾಯ್ದಳು. ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ಇರಲು ಕೋಣೆ ಸಿಕ್ಕರೆ ಓದು, ಇಲ್ಲವಾದರೆ ಮತ್ತೆ ಕುರಿಯ ಹಿಂದೆ.

ಕುರಿಗಾಹಿ ಹೆದರಲಿಲ್ಲ. ದಿನಕ್ಕೊಂದು ನೆಲ ಆರಿಸುವವನಿಗೆ ಒಂದು ಕೋಣೆ ಆರಿಸುವುದು ಯಾವ ಘನಂದಾರಿ ಕೆಲಸ ಎಂದುಕೊಂಡ. ಮಗಳನ್ನು ಕರೆದುಕೊಂಡು ಪಟ್ಟಣಕ್ಕೆ ಹೋದ. ಕುರಿಯವನಿಗೆ ಎಲ್ಲಿ ಹೋದರೂ ಬೇಲಿಯ ಮೇಲೇ ಕಣ್ಣು. ಗೋಡೆಯ ಎತ್ತರ ನೋಡಿದ, ಅಗುಳಿ ಅಲ್ಲಾಡಿಸಿದ, ಮನೆಯ ಮಾಲೀಕರ ಎದುರಿಗೇ ಕಿಟಕಿಯ ಸರಳು ಹಿಡಿದು ಜಗ್ಗಿದ. ಮಾಲೀಕರು ಮುಖ ಸಿಂಡರಿಸಿದರು.

ಗೋಡೆ ಎತ್ತರವಿದ್ದಲ್ಲಿ ಬಾಡಿಗೆಯೂ ಎತ್ತರವಿತ್ತು. ಕಾಲೇಜಿನ ಹಿಂದಿನ ಬಡಾವಣೆಯಲ್ಲಿ ಗೇಟು, ಕಾವಲುಗಾರ, ನಾಯಿ ಎಲ್ಲವೂ ಇದ್ದವು. ಅಲ್ಲಿ ಮಗಳನ್ನು ಇಡಬೇಕಾದರೆ ಹಿಂಡನ್ನೇ ಮಾರಬೇಕು. ಹಿಂಡು ಮಾರಿದರೆ ಮುಂದಿನ ವರ್ಷ ಉಣ್ಣುವುದೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇವನ ಹಾಸಿಗೆ ಒಂದು ಕಂಬಳಿ.

ಕೊನೆಗೆ ಸಿಕ್ಕಿದ್ದು ರೈಲ್ವೆ ಗೇಟಿನ ಆಚೆಯ ಒಂದು ಓಣಿ. ಬಾಡಿಗೆ ಕಡಿಮೆ. ಓಣಿಯ ದೀಪ ಕೆಟ್ಟಿತ್ತು. ಮನೆಗೆ ಮನೆ ಅಂಟಿಕೊಂಡಿದ್ದರೂ ಬಾಗಿಲುಗಳೆಲ್ಲ ಮುಚ್ಚಿದ್ದವು. ಅಲ್ಲಿದ್ದವರೆಲ್ಲ ಬೇರೆ ಬೇರೆ ಊರಿನಿಂದ ಬಂದ ಬಾಡಿಗೆಯವರು. ಯಾರು ಬಂದರು, ಯಾರು ಹೋದರು ಎಂದು ಯಾರೂ ನೋಡುತ್ತಿರಲಿಲ್ಲ. ಕುರಿಗಾಹಿ ಕೋಣೆಯ ಅಗುಳಿ ಎಳೆದ. ಅದು ಕೈಗೇ ಬಂತು.

ಅವನು ಮಗಳ ಕಡೆ ತಿರುಗಿದ. "ನಡಿಯವ್ವ, ಹೋಗೂಣು. ನಿನ್ನ ಇಲ್ಲಿ ಬಿಟ್ಟು ನನಗ ತುತ್ತು ಇಳಿಯಂಗಿಲ್ಲ" ಎಂದ.

ಮಾಳವ್ವ ತಲೆಯ ಮೇಲಿನ ಗಂಟು ಕೆಳಗಿಳಿಸಿದಳು. "ಯಪ್ಪಾ, ಹೊಸ ನೆಲಕ್ಕ ಬಂದೀವಿ. ಮೊದಲು ಕೆಂಡ ತರ್ತೀನಿ. ಹೋಗೂದು ಆಮ್ಯಾಲ ನೋಡೂಣು."

ಆ ಕುರಿಗಾಹಿಯ ಬಳಗದಲ್ಲಿ ಒಂದು ಪದ್ಧತಿಯಿತ್ತು. ಹೊಸ ನೆಲದಲ್ಲಿ ಬೀಡು ಬಿಟ್ಟ ಸಂಜೆ ಪಕ್ಕದ ಬೀಡಿಗೆ ಹೋಗಿ ಕೆಂಡ ಕೇಳಿ ತಂದು ಒಲೆ ಹಚ್ಚಬೇಕು. ಸೊಂಟದಲ್ಲಿ ಬೆಂಕಿಪೊಟ್ಟಣ ಇದ್ದರೂ ಕೇಳಬೇಕು. ಕೊಡುವವರಿಗೂ ಅದು ಗೊತ್ತು. ಕೆಂಡ ಕೊಡುವಾಗ ಬಂದವರ ಮುಖ ನೋಡುತ್ತಾರೆ, ಊರು ಕೇಳುತ್ತಾರೆ. ಮುಂದೆ ತೋಳ ಬಂತೆಂದು ಕೂಗಿದರೆ ಓಡಿಬರುತ್ತಾರೆ. ಕುರಿಗಾಹಿ ಇದನ್ನು ಮರೆತಿರಲಿಲ್ಲ. ಪಟ್ಟಣದಲ್ಲಿ ಇದೆಲ್ಲ ನಡೆಯುವುದಿಲ್ಲ ಎಂದುಕೊಂಡಿದ್ದ, ಅಷ್ಟೆ.

ಮಾಳವ್ವ ಒಂದು ಹೆಂಚಿನ ಚೂರು ಹಿಡಿದು ಪಕ್ಕದ ಬಾಗಿಲು ಬಡಿದಳು. ಬಳೆ ಮಾರುವ ಮುದುಕಿಯೊಬ್ಬಳು ತೆರೆದಳು. "ಕೆಂಡಾ? ಕಟ್ಟಿಗಿ ಒಲಿ ಬಿಟ್ಟು ಯಾವ ಕಾಲಾತು ತಂಗಿ! ಗ್ಯಾಸಿನಾಗ ಕೆಂಡ ಎಲ್ಲಿಂದ ತೆಗೀಲಿ?" ಎಂದು ಅವಳು ನಗತೊಡಗಿದಳು. ನಗು ಕೇಳಿ ಎದುರುಮನೆಯ ಆಟೋದವನ ಹೆಂಡತಿ ಹೊರಗೆ ಬಂದಳು. ಸಂಗತಿ ತಿಳಿದು ಅವಳೂ ನಕ್ಕಳು. ಮತ್ತೊಂದು ಬಾಗಿಲು ತೆರೆಯಿತು. ಕೊನೆಗೆ ಓಣಿಯ ತುದಿಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದವನು, "ಇಲ್ಲಿ ಬಾರವ್ವ" ಎಂದು ಕರೆದು, ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆಗೆದು ಉರಿಯುವ ಇದ್ದಿಲನ್ನು ಅವಳ ಹೆಂಚಿಗೆ ಹಾಕಿದ.

ಆ ಕೆಂಡದಿಂದ ಮಾಳವ್ವ ಬಾಗಿಲ ಮುಂದೆ ಕಲ್ಲು ಹೂಡಿ ಚಹಾ ಕಾಸಿದಳು. ನೋಡಲು ಬಂದವರು ಕುಡಿಯಲು ಕೂತರು. ಬಳೆಯ ಮುದುಕಿಯೂ ಆಟೋದವನ ಹೆಂಡತಿಯೂ ಎಷ್ಟೋ ಕಾಲದಿಂದ ಎದುರುಬದುರು ಇದ್ದವರು, ಒಬ್ಬರ ಹೆಸರು ಇನ್ನೊಬ್ಬರು ಕೇಳಿದ್ದು ಆ ಸಂಜೆ. ಆಟೋದವನು ಅಗುಳಿಗೆ ಮೊಳೆ ಹೊಡೆದುಕೊಟ್ಟ. ಕುರಿಗಾಹಿ ಅರ್ಧ ಮನಸ್ಸಿನಿಂದ ಮಗಳನ್ನು ಬಿಟ್ಟು ಹೋದ. ಬಹಳ ದಿನ ಅವನಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಸುಗ್ಗಿ ಮುಗಿದ ಮೇಲೆ ಅವನು ಮಗಳನ್ನು ನೋಡಲು ಬಂದ. ಬರುವುದನ್ನು ತಿಳಿಸಿರಲಿಲ್ಲ. ರೈಲ್ವೆ ಗೇಟು ದಾಟುವಾಗ ಮಬ್ಬುಗತ್ತಲೆ. ಓಣಿಯ ದೀಪವನ್ನು ಇನ್ನೂ ಯಾರೂ ಸರಿಮಾಡಿರಲಿಲ್ಲ. ತಲೆಯ ಮೇಲೆ ಕಂಬಳಿ, ಕೈಯಲ್ಲಿ ಕೋಲು ಇದ್ದ ಈ ಮನುಷ್ಯ ಓಣಿಗೆ ಕಾಲಿಟ್ಟದ್ದೇ ತಡ, ಒಬ್ಬ ಹೆಂಗಸು ಅಡ್ಡ ನಿಂತಳು. ಅವಳು ಓಣಿಗೆ ಹೊಸಬಳು, ಕುರಿಗಾಹಿಯನ್ನು ಕಂಡವಳಲ್ಲ. ಯಾರು ಬೇಕೆಂದು ಕೇಳಿದಳು. ಅವನು ಮಾಳವ್ವನ ಹೆಸರು ಹೇಳಿದ.

"ನಮ್ಮ ಮಾಳವ್ವನ ಹತ್ರ ನಿಂದೇನು ಕೆಲಸ?"

"ನಾನು ಅಕಿ ಅಪ್ಪ ಅದೀನಿ."

"ಹಂಗಂತ ಅಕಿನೇ ಬಂದು ಹೇಳ್ಲಿ. ಅಲ್ಲೀತನಕ ಅಲ್ಲೇ ನಿಂದ್ರು."

ಇನ್ನೆರಡು ಬಾಗಿಲು ತೆರೆದವು. ಕುರಿಗಾಹಿ ಕಳ್ಳನ ಹಾಗೆ ನಡುಓಣಿಯಲ್ಲಿ ನಿಂತ. ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಇವನಿಗೆ ಸಂತೋಷವಾಯಿತು. ಮಾಳವ್ವ ಓಡಿಬಂದು ನೋಡಿದಾಗ ಅವನು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಯಾಕೆ ಅಳುತ್ತೀ ಎಂದು ಅವಳು ಕೇಳುತ್ತಿದ್ದರೆ ಅವನು ಅಡ್ಡ ನಿಂತ ಹೆಂಗಸಿಗೆ ಕೈಮುಗಿದ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತ್ತು. "ತಿಳಿಯಿತು ಗುರುಗಳೇ. ನಾಳೆಯೇ ಪಟ್ಟಣಕ್ಕೆ ಹೋಗಿ ತಂಗಿಗೆ ಅಂಥದ್ದೊಂದು ಓಣಿ ಹುಡುಕುತ್ತೇನೆ" ಎಂದು ಎದ್ದ.

ಗುರುಗಳು ಅವನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಕಳೆದ ವಾರ ಮಠದಲ್ಲಿ ನಿನ್ನ ಪಕ್ಕದ ಕೋಣೆಗೆ ಒಬ್ಬ ಬಂದನಲ್ಲ, ಅವನ ಹೆಸರೇನಪ್ಪ?"

ಶಿಷ್ಯನಿಗೆ ಗೊತ್ತಿರಲಿಲ್ಲ.