ನಂಗು ಮೀನಿನ ಕಣ್ಣೆರಡೂ ಒಂದೇ ಬದಿಗೆ ಬಂದದ್ದು

ಕಡಲಿಗೆ ಆಗಷ್ಟೇ ಉಪ್ಪು ಹಿಡಿದ ಕಾಲ ಮಗಾ. ಆಗ ನಂಗು ಮೀನು ಈಗಿನ ಹಾಗೆ ಚಪ್ಪಟೆ ಮಲಗುತ್ತಿರಲಿಲ್ಲ. ಬಂಗುಡೆಯ ಹಾಗೆ ನೆಟ್ಟಗೆ ಈಜುತ್ತಿತ್ತು. ಈ ಕೆನ್ನೆಗೊಂದು ಕಣ್ಣು, ಆ ಕೆನ್ನೆಗೊಂದು ಕಣ್ಣು.

ಅದಕ್ಕೆ ಎಲ್ಲವೂ ತಿಳಿಯಬೇಕು! ಅದೆಂತ, ಇದೆಂತ ಅಂತ ಕೇಳಿ ಕೇಳಿ ಬಂಗುಡೆಗಳ ತಲೆ ತಿನ್ನುತ್ತಿತ್ತು. ನಿನ್ನ ಹಾಗೆಯೇ. ನಗಬೇಡ.

"ಕಡಲಮ್ಮಾ, ನಿನ್ನ ತಳದಲ್ಲಿ ಎಂತ ಉಂಟು?" ಅಂತ ನಂಗು ಒಂದು ದಿನ ಕೇಳಿತು.

"ನನಗೆಂತ ಗೊತ್ತು ಮಾರಾಯ್ತಿ? ನಾನು ಮೇಲೆ ಕುಣಿಯುವವಳು. ತಳದಜ್ಜನನ್ನೇ ಕೇಳು" ಅಂದಳು ಕಡಲಮ್ಮ.

ನಂಗು ಇಳಿಯಿತು, ಇಳಿಯಿತು, ಇಳಿಯುತ್ತಲೇ ಹೋಯಿತು. ಕೆಳಗೆ ಮರಳು, ಕೆಸರು, ಖಾಲಿ ಚಿಪ್ಪು. ಅವುಗಳ ಅಡಿಯಲ್ಲಿ ತಳದಜ್ಜ. ಅಜ್ಜನ ದನಿ ಬಹಳ ಸಣ್ಣದು, ಕೆನ್ನೆ ಮರಳಿಗೆ ಒತ್ತಿದರೆ ಮಾತ್ರ ಕೇಳುವಂಥದ್ದು. ನಂಗು ಒಂದು ಬದಿಗೆ ಮಲಗಿಯೇ ಬಿಟ್ಟಿತು.

"ಕಥೆ ಹೇಳುತ್ತೇನೆ. ನೀನು ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು" ಅಂದ ಅಜ್ಜ.

"ನನ್ನ ಮೈಮೇಲೆ ಬೆಟ್ಟಗಳುಂಟು."

"ಹೂಂ."

"ಬೆಂಕಿ ಉಗುಳುವ ಬಾಯಿಗಳುಂಟು."

"ಹೂಂ, ಹೂಂ!"

ಒಂದೊಂದು ಹೂಂಗೂ ಒಂದೊಂದು ಗುಳ್ಳೆ ಮೇಲೇರುತ್ತಿತ್ತು. ಮೇಲೆ ಬಾಯಿ ತುಂಬ ಹಲ್ಲಿನ ತಾಟೆ ಮೀನು ಹಸಿದು ಸುತ್ತುತ್ತಿತ್ತು. ಯಾರಪ್ಪಾ ಅದು ಕೆಳಗೆ ಅಂತ ಗುಳ್ಳೆಯ ಜಾಡು ಹಿಡಿದು ಇಳಿಯಿತು.

ನಂಗಿನ ಮೇಲಿನ ಕಣ್ಣಿಗೆ ನೆರಳು ಕಂಡಿತು. ಒಂಟಿ ಕಣ್ಣಲ್ಲವಾ, ಹತ್ತಿರ ಉಂಟೋ ದೂರ ಉಂಟೋ ಗೊತ್ತಾಗಲಿಲ್ಲ. "ತಂಗೀ, ಬಾರೇ! ನಾನೊಬ್ಬಳೇ ಸಾಲುವುದಿಲ್ಲ" ಅಂತ ಕೆಳಗಿನ ಕಣ್ಣನ್ನು ಕೂಗಿತು.

ಮರಳಲ್ಲಿ ಹೂತಿದ್ದ ಕೆಳಗಿನ ಕಣ್ಣು ಹಣೆ ಹತ್ತಿ ತೆವಳಿತು. ಅಯ್ಯೋ, ಎಂಥಾ ನೋವು! ಬಾಯಿಯೇ ಸೊಟ್ಟಗಾಯಿತು. ಆದರೂ ಬಂತು. ಇಬ್ಬರೂ ಸೇರಿ ನೋಡಿದರೆ ತಾಟೆ ಮೂಗಿನ ತುದಿಯಲ್ಲೇ ಉಂಟು!

ಅಷ್ಟರಲ್ಲಿ ಅಜ್ಜ, "ಎಲ್ಲಕ್ಕಿಂತ ಆಳದಲ್ಲಿ ಒಂದು ಗುಂಡಿ. ಅದರೊಳಗೆ..." ಅಂದು ಹೂಂಗಾಗಿ ಕಾದ.

ಹೂಂ ಅಂದರೆ ಜೀವ ಹೋಯಿತು. ಅನ್ನದಿದ್ದರೆ ಕಥೆ ಹೋಯಿತು. ನಂಗು ಮೈಮೇಲೆ ಮರಳು ಎಳೆದುಕೊಂಡು ಬಾಯಿ ಮುಚ್ಚಿತು.

ತಾಟೆ ಹುಡುಕಿ ಹುಡುಕಿ ಹೊರಟುಹೋಯಿತು. "ಹೂಂ! ಹೂಂ! ಅದರೊಳಗೆ ಎಂತ ಅಜ್ಜಾ?" ಅಂತ ನಂಗು ಗೋಗರೆಯಿತು. ಅಜ್ಜ ಪಿಟ್ಟೆನ್ನಲಿಲ್ಲ. ಪಾಪ! ಆ ಗುಂಡಿಯಲ್ಲಿ ಎಂತ ಉಂಟು ಅಂತ ನನ್ನ ಕೇಳಬೇಡ. ಗೊತ್ತಿದ್ದರೆ ಈ ಅಜ್ಜಿ ಹೇಳದೆ ಇರುತ್ತಿದ್ದಳಾ?

ಅದಕ್ಕೇ ಇವತ್ತಿಗೂ ನಂಗಿನ ಮರಿ ಕೆನ್ನೆಗೊಂದು ಕಣ್ಣಿಟ್ಟುಕೊಂಡು ನೆಟ್ಟಗೆ ಈಜುತ್ತಾ ಹುಟ್ಟಿ, ಬೆಳೆಯುತ್ತಾ ಒಂದು ಕಣ್ಣನ್ನು ಆಚೆಗೆ ಸರಿಸಿಕೊಂಡು, ಅಜ್ಜ ಇವತ್ತಾದರೂ ಬಾಯಿ ಬಿಟ್ಟಾನು ಅಂತ ಕಡಲ ತಳಕ್ಕೆ ಕೆನ್ನೆ ಕೊಟ್ಟು ಮಲಗುತ್ತದೆ.